ವಿದೇಶ ವ್ಯಾಸಂಗ: ಬಾಗಿಲು ಮುಚ್ಚಿದವರು ಯಾರು?

ಮೈಸೂರಿನಲ್ಲಿ ಶುಕ್ರವಾರದ ಜುಮಾ ನಮಾಝ್‌ಗೆ ನಿಂತಾಗ ನಮ್ಮ ಭುಜಕ್ಕೆ ಭುಜ ತಾಗಿಸಿ ನಿಂತವನು ಈ ಊರಿನವನೇ ಆಗಿರಬೇಕೆಂದಿಲ್ಲ. ಆತ ಯಮನಿನವನಾಗಿರಬಹುದು, ಅಫ್ಘಾನಿಸ್ತಾನದವನಾಗಿರಬಹುದು, ಇರಾನಿನವನೋ ಆಫ್ರಿಕದವನೋ ಆಗಿರಬಹುದು. ಮಾನಸಗಂಗೋತ್ರಿಯ ಆವರಣದಲ್ಲಿ ಹಲವು ದಶಕಗಳಿಂದ ಇಂತಹ ವಿದ್ಯಾರ್ಥಿಗಳು ಓದುತ್ತಾ ಬಂದಿದ್ದಾರೆ. ಅವರಲ್ಲಿ ಕೆಲವರು ಸ್ವಂತ ಖರ್ಚಿನಲ್ಲಿ ಬಂದವರು. ಇನ್ನು ಕೆಲವರು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನ ಪಡೆದು ಬಂದವರು. ಅವರ ಶುಲ್ಕವನ್ನು ಭಾರತ ಸರಕಾರ ಭರಿಸುತ್ತದೆ, ತಿಂಗಳ ಖರ್ಚಿಗೂ ಮನೆ ಬಾಡಿಗೆಗೂ ಭತ್ಯೆ ಕೊಡುತ್ತದೆ. ಈ ಪರಿಷತ್ತನ್ನು 1950ರಲ್ಲಿ ಸ್ಥಾಪಿಸಿದವರು ಸ್ವತಂತ್ರ ಭಾರತದ ಪ್ರಥಮ ಶಿಕ್ಷಣ ಸಚಿವರಾದ ಮೌಲಾನಾ ಅಬುಲ್ ಕಲಾಮ್ ಆಝಾದ್. ಮಕ್ಕಾದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದು, ದೇಶ ವಿಭಜನೆಯನ್ನು ಕೊನೆಯವರೆಗೂ ವಿರೋಧಿಸಿದ ಆ ವಿದ್ವಾಂಸರು ಹೊರನಾಡಿನ ವಿದ್ಯಾರ್ಥಿಗಳಿಗಾಗಿ ತೆರೆದ ಬಾಗಿಲು ಇಂದಿಗೂ ತೆರೆದೇ ಇದೆ.

ಈ ಬಗ್ಗೆ ನಮಗೆ ಯಾವ ಅಸಮಾಧಾನವೂ ಇಲ್ಲ. ಹಾಗೆ ಹೇಳುವ ಅಗತ್ಯ ಯಾಕಿದೆಯೆಂದರೆ, 'ನಮ್ಮ ಮಕ್ಕಳ ಸೀಟನ್ನು ಪರದೇಶದವರು ಕಸಿಯುತ್ತಿದ್ದಾರೆ' ಎಂಬ ಗೊಣಗಾಟವನ್ನು ನಮ್ಮ ಮೊಹಲ್ಲಾಗಳಲ್ಲೇ ನಾವು ಕೇಳಿದ್ದೇವೆ. ಈ ಮಾತು ತಪ್ಪು. ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಸ್ಥಾನಗಳು ಮಂಜೂರಾದ ಸೀಟುಗಳ ಹೊರಗಿನ ಹೆಚ್ಚುವರಿ ಸ್ಥಾನಗಳು. 2022ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಇಂತಹ ಹೆಚ್ಚುವರಿ ಸ್ಥಾನಗಳನ್ನು ಶೇಕಡಾ 25ರ ವರೆಗೆ ಸೃಷ್ಟಿಸಲು ಅವಕಾಶ ಕೊಟ್ಟಿತು. ಕಾಬೂಲಿನ ಹುಡುಗ ಬಂದರೆ ಕೆಸರೆಯ ಹುಡುಗನ ಸೀಟು ಹೋಗುವುದಿಲ್ಲ.

ಆ ಕಾಬೂಲಿನ ಹುಡುಗ ಪಟ್ಟ ಪಾಡನ್ನೂ ನಾವು ಮರೆಯಬಾರದು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ವಶವಾದಾಗ ಮೈಸೂರಿನಲ್ಲಿ ಓದುತ್ತಿದ್ದ ಅಫ್ಘಾನ್ ವಿದ್ಯಾರ್ಥಿಗಳು ಒಂದೇ ರಾತ್ರಿಯಲ್ಲಿ ದಿಕ್ಕಿಲ್ಲದವರಾದರು. ಮನೆಯಿಂದ ಹಣ ಬರುವುದು ನಿಂತಿತು, ವೀಸಾ ಮುಗಿಯುವ ದಿನ ಹತ್ತಿರ ಬಂತು, ಮರಳಿ ಹೋಗುವುದಕ್ಕೆ ಭಯ. ಅತ್ತ ಕೋವಿಡ್ ಕಾಲದಲ್ಲಿ ಊರಿಗೆ ಹೋಗಿದ್ದವರ ಸ್ಥಿತಿ ಇನ್ನೂ ಕಷ್ಟದ್ದು. ದೇಶದ ಹೊರಗಿದ್ದ ಅಫ್ಘಾನರಿಗೆ ಹಿಂದೆ ಕೊಟ್ಟಿದ್ದ ವೀಸಾಗಳೆಲ್ಲ ಆ ತಿಂಗಳೇ ಅಸಿಂಧುವಾದವು. ವಿದ್ಯಾರ್ಥಿವೇತನ ಮಂಜೂರಾಗಿದ್ದೂ ತರಗತಿಗೆ ಮರಳಲಾಗದೆ ಉಳಿದವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಪ್ರವೇಶವೂ ನೆರವೂ ಎರಡೂ ಕೈಯಲ್ಲಿದ್ದು ಗಡಿ ದಾಟಲಾಗದ ವಿದ್ಯಾರ್ಥಿಯ ನೋವು ಏನೆಂಬುದನ್ನು ಆಗ ಮೈಸೂರು ಹತ್ತಿರದಿಂದ ಕಂಡಿತು. ನಮ್ಮಲ್ಲಿ ಎಷ್ಟು ಮಂದಿ ಅವರಿಗೆ ಒಂದು ತಿಂಗಳ ಬಾಡಿಗೆ ಬಿಟ್ಟೆವು ಎಂಬ ಪ್ರಶ್ನೆಗೆ ಮುಂದೆ ಬರೋಣ.

ಈಗ ಆಝಾದರ ಹೆಸರಿನ ಇತರ ಬಾಗಿಲುಗಳನ್ನು ನೋಡಿರಿ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತುಹೋಯಿತು. ಅದು ಇತರ ಯೋಜನೆಗಳೊಂದಿಗೆ ಬೆರೆತುಹೋಗುತ್ತಿದೆ ಎಂಬ ಕಾರಣವನ್ನು 2022ರ ಡಿಸೆಂಬರಿನಲ್ಲಿ ಲೋಕಸಭೆಗೆ ಕೊಡಲಾಯಿತು. 1989ರಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ಶಿಕ್ಷಣ ಪ್ರತಿಷ್ಠಾನವನ್ನು ಮುಚ್ಚುವಂತೆ 2024ರ ಫೆಬ್ರವರಿಯಲ್ಲಿ ಆದೇಶವಾಯಿತು. ಅದೇ ಪ್ರತಿಷ್ಠಾನವು ಬೇಗಂ ಹಝ್ರತ್ ಮಹಲ್ ಹೆಸರಿನಲ್ಲಿ ಪ್ರೌಢಶಾಲೆ ಹಾಗೂ ಪಿಯುಸಿಯ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಿತ್ತು. ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ದೊರೆಯುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವೂ 2022ರಲ್ಲೇ ಕಡಿತವಾಯಿತು. ಹೊರದೇಶದ ವಿದ್ಯಾರ್ಥಿಗೆ ಆಝಾದರ ಸಂಸ್ಥೆ ಭತ್ಯೆ ಕೊಡುತ್ತಿದೆ. ಆಝಾದರದೇ ಸಮುದಾಯದ ಭಾರತೀಯ ವಿದ್ಯಾರ್ಥಿಗೆ ಆಝಾದರ ಹೆಸರಿನಲ್ಲಿದ್ದುದನ್ನು ಕಸಿದುಕೊಳ್ಳಲಾಗಿದೆ. ಜಗತ್ತಿನ ಮುಂದೆ ತೋರಿಸಲು ಒಂದು ಆಝಾದ್, ಮನೆಯೊಳಗೆ ಮರೆಯಲು ಇನ್ನೊಂದು ಆಝಾದ್!

ಆದರೆ ನಾವು ಈ ಲೇಖನದಲ್ಲಿ ವಿಶೇಷವಾಗಿ ಎತ್ತಿಕೊಳ್ಳಬಯಸುವುದು 'ಪಢೋ ಪರದೇಶ್' ಎಂಬ ಯೋಜನೆಯನ್ನು. ಅದು ಸತ್ತುಹೋದದ್ದು ನಮ್ಮಲ್ಲಿ ಅನೇಕರಿಗೆ ತಿಳಿದೇ ಇಲ್ಲ. ಅದು ಬದುಕಿದ್ದ ಕಾಲದಲ್ಲೂ ಅವರಿಗೆ ಅದರ ಪರಿಚಯವಿರಲಿಲ್ಲ. 2013-14ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ಆರಂಭಿಸಿದ ಈ ಯೋಜನೆಯಲ್ಲಿ, ವಿದೇಶದಲ್ಲಿ ಸ್ನಾತಕೋತ್ತರ ಅಥವಾ ಪಿಎಚ್.ಡಿ. ಮಾಡಲು ಬ್ಯಾಂಕ್ ಸಾಲ ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಯ ಬಡ್ಡಿಯನ್ನು, ಓದಿನ ಅವಧಿ ಹಾಗೂ ಅನಂತರದ ಕಾಯುವ ಅವಧಿಗೆ, ಸರಕಾರವೇ ಕಟ್ಟುತ್ತಿತ್ತು. ಕುಟುಂಬದ ವಾರ್ಷಿಕ ಆದಾಯ 6 ಲಕ್ಷ ರೂಪಾಯಿ ಮೀರಿರಬಾರದೆಂಬ ನಿಯಮವಿತ್ತು, ಶೇಕಡಾ 35ರಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾಗಿದ್ದವು, ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಕೆನರಾ ಬ್ಯಾಂಕ್ ಅದರ ನೋಡಲ್ ಬ್ಯಾಂಕ್ ಆಗಿತ್ತು. 20 ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ 10ರ ದರದಲ್ಲಿ ಮೂರು ವರ್ಷದ ಸರಳ ಬಡ್ಡಿ ಹಾಕಿದರೂ 6 ಲಕ್ಷ ರೂಪಾಯಿಯಾಗುತ್ತದೆ. ಅಂದರೆ ಅರ್ಹ ಕುಟುಂಬವೊಂದರ ಇಡೀ ವರ್ಷದ ಆದಾಯದಷ್ಟು. ಆ ಹೊರೆಯನ್ನು ಇಳಿಸುತ್ತಿದ್ದ ಯೋಜನೆಯನ್ನು 2022-23ರಿಂದ ನಿಲ್ಲಿಸಲಾಯಿತು. ಬ್ಯಾಂಕುಗಳಿಗೆ ಒಂದು ಸುತ್ತೋಲೆ ಹೋಯಿತು, ಅಷ್ಟೇ. 2024ರ ನವೆಂಬರಿನಲ್ಲಿ ದೊಡ್ಡ ಸದ್ದಿನೊಂದಿಗೆ ಬಂದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ ಸೀಮಿತ. ವಿದೇಶಕ್ಕೆ ಹೋಗುವ ಬಡ ಮುಸ್ಲಿಮ್ ವಿದ್ಯಾರ್ಥಿಗೆ ಅಲ್ಲಿ ಏನೂ ಇಲ್ಲ.

ಇದನ್ನು 'ಓಲೈಕೆ'ಯ ಅಂತ್ಯವೆಂದು ಸಂಭ್ರಮಿಸಿದವರಿಗೆ ಒಂದು ಮಾತು. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮನಾಗಿದ್ದ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ ಹಿಂದಿನ ವರ್ಷದ 21 ಲಕ್ಷದಿಂದ 19.21 ಲಕ್ಷಕ್ಕೆ ಕುಸಿಯಿತು. ಹೀಗೆ ಓಲೈಕೆಗೊಳಗಾದ ಸಮುದಾಯವೊಂದು ಲೋಕದಲ್ಲಿ ಬೇರೆಲ್ಲಿಯಾದರೂ ಇದೆಯೇ? ಹಿಂದುಳಿದವರನ್ನು ಗುರುತಿಸಿ ಉನ್ನತ ಶಿಕ್ಷಣಕ್ಕೆ ಕೈಹಿಡಿದು ಏರಿಸಬೇಕೆಂಬ ವಿಚಾರವಾದರೂ ಯಾವ ಮುಸ್ಲಿಮ್ ಪಕ್ಷದ ಪ್ರಣಾಳಿಕೆಯಿಂದಲೂ ಬಂದದ್ದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನು ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರೇ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಆ ಸಮಿತಿ ಹಿಂದುಳಿದವರೆಂದು ಪರಿಗಣಿಸಿದವರಲ್ಲಿ ಈ ಸಂಸ್ಥಾನದ ಮುಸ್ಲಿಮರೂ ಇದ್ದರು. ಅದೇ ಅರಸರು ತಮ್ಮೊಡನೆ ಓದಿದ ಮಿರ್ಝಾ ಇಸ್ಮಾಯೀಲರನ್ನು 1926ರಲ್ಲಿ ದಿವಾನರನ್ನಾಗಿ ಮಾಡಿದರು. ಮಿರ್ಝಾ ಇಸ್ಮಾಯೀಲರ ಅಜ್ಜ ಪರ್ಶಿಯಾದಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ. ಮೈಸೂರಿನ ಈ ಪರಂಪರೆಯನ್ನು ದಸರಾ ಮೆರವಣಿಗೆಯಲ್ಲಿ ಮಾತ್ರ ನೆನೆಯುವವರು ಬಜೆಟ್ ಮಂಡನೆಯ ದಿನವೂ ಸ್ವಲ್ಪ ನೆನೆಯಲಿ.

ರಾಜ್ಯ ಸರಕಾರದ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಮೂಲಕ ವಿದೇಶ ವ್ಯಾಸಂಗಕ್ಕೆ ಬಡ್ಡಿರಹಿತ ಸಾಲದ ಏರ್ಪಾಡಿದೆ. 2025ರ ಮಾರ್ಚ್‌ನಲ್ಲಿ ವಿದೇಶ ವ್ಯಾಸಂಗದ ನೆರವಿನ ಮಿತಿಯನ್ನು 20 ಲಕ್ಷದಿಂದ 30 ಲಕ್ಷಕ್ಕೆ ಏರಿಸುವ ಮಾತು ಬಂತು. ಆ ವರ್ಷದ ಬಜೆಟನ್ನು ವಿರೋಧ ಪಕ್ಷದವರು 'ಹಲಾಲ್ ಬಜೆಟ್' ಎಂದು ಗೇಲಿ ಮಾಡಿದರು. ನಾವು ಸರಕಾರವನ್ನು ಅಭಿನಂದಿಸುತ್ತೇವೆ. ಅದರೊಂದಿಗೆ ಅಹಿತಕರವಾದ ಒಂದು ಪ್ರಶ್ನೆಯನ್ನೂ ಕೇಳುತ್ತೇವೆ. ಇಷ್ಟು ದೊಡ್ಡ ಮೊತ್ತದ ಸಾಲಕ್ಕೆ ಸ್ಥಿರಾಸ್ತಿಯ ಆಧಾರ ಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲೂ ಏಳೂವರೆ ಲಕ್ಷ ದಾಟಿದರೆ ಆಧಾರ ಕೇಳುತ್ತಾರೆ. ನಮ್ಮ ಉದಯಗಿರಿ, ಗೌಸಿಯಾನಗರ, ರಾಜೀವನಗರಗಳ ಬಡಾವಣೆಗಳಲ್ಲಿ ಎಷ್ಟೋ ಮನೆಗಳು ಕಂದಾಯ ನಿವೇಶನಗಳ ಮೇಲೆ ನಿಂತಿವೆ. ಮನೆಯಿದೆ, ಸರಿಯಾದ ಖಾತೆಯಿಲ್ಲ. ಬೀಟೆ ಮರದ ಮೇಲೆ ಕುಸುರಿ ಕೂರಿಸುವವನ, ಊದುಬತ್ತಿ ಹೊಸೆಯುವವಳ, ಬೀಡಿ ಕಟ್ಟುವವಳ ಮನೆಯ ಪತ್ರವನ್ನು ಯಾವ ಅಧಿಕಾರಿ ಆಧಾರವೆಂದು ಒಪ್ಪುತ್ತಾನೆ? ಹೀಗೆ ಬಡವರಿಗೆಂದೇ ಮಾಡಿದ ಯೋಜನೆ ಕೊನೆಗೆ ಆಸ್ತಿಯುಳ್ಳವರ ಮಕ್ಕಳಿಗೆ ಸುಲಭವಾಗುತ್ತದೆ. ವಿದ್ಯಾರ್ಥಿಗೆ ದೊರೆತ ಪ್ರವೇಶಪತ್ರವನ್ನೇ ಆಧಾರವಾಗಿಸಿ ಸರಕಾರ ತಾನೇ ಜಾಮೀನು ನಿಲ್ಲದೆ ಈ ಯೋಜನೆ ಮೊಹಲ್ಲಾಗಳಿಗೆ ಇಳಿಯಲಾರದು. ನಮ್ಮ ಶಾಸಕರೂ ನಿಗಮದ ಪದಾಧಿಕಾರಿಗಳೂ ಇಫ್ತಾರ್ ಕೂಟಗಳಲ್ಲಿ ಛಾಯಾಚಿತ್ರಕ್ಕೆ ನಿಲ್ಲುವ ಉತ್ಸಾಹದ ಒಂದಂಶವನ್ನು ಈ ನಿಯಮ ಬದಲಿಸಲು ಬಳಸಿದ್ದರೆ!

ಇಷ್ಟು ಹೇಳಿದ ಮೇಲೆ ಪತ್ರಿಕೆಯ ಓದುಗರು ತಲೆದೂಗಿ ಪುಟ ತಿರುಗಿಸಬಹುದು. ಸರಕಾರವನ್ನು ಬೈಯುವುದು ನಮಗೆ ಅಭ್ಯಾಸವಾಗಿದೆ, ಬೈಸಿಕೊಳ್ಳುವುದು ಸರಕಾರಕ್ಕೂ ಅಭ್ಯಾಸವಾಗಿದೆ. ಆದರೆ ಪಢೋ ಪರದೇಶ್ ಜಾರಿಯಲ್ಲಿದ್ದ ಎಂಟೊಂಬತ್ತು ವರ್ಷಗಳಲ್ಲಿ ನಮ್ಮ ಮಸೀದಿಗಳ ಎಷ್ಟು ಖುತ್ಬಾಗಳಲ್ಲಿ ಅದರ ಹೆಸರು ಬಂತು? ನಮ್ಮ ಶಾದಿಮಹಲ್‌ಗಳ ನೋಟಿಸ್ ಬೋರ್ಡಿನಲ್ಲಿ ಎಂದಾದರೂ ಅದರ ಅರ್ಜಿಯ ಕೊನೆಯ ದಿನಾಂಕ ಕಂಡಿತೇ? ಬಾಗಿಲು ಮುಚ್ಚಿದವರ ಮೇಲೆ ಸಿಟ್ಟು ಬರಬೇಕಾದರೆ ಆ ಬಾಗಿಲನ್ನು ತಟ್ಟಿದ ನೆನಪಾದರೂ ನಮಗಿರಬೇಕು.

ಕಳೆದ ವರ್ಷ ಮಂಡಿ ಮೊಹಲ್ಲಾದ ಕುಶಲಕರ್ಮಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಮಗ ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ಗಳಿಸಿದ್ದ. ಕೈಯಲ್ಲಿ ಏಜೆಂಟ್ ಕೊಟ್ಟ ಬಣ್ಣದ ಕಾಗದ: ಇಂಗ್ಲೆಂಡಿನ ನಾವು ಹೆಸರೇ ಕೇಳಿರದ ವಿಶ್ವವಿದ್ಯಾನಿಲಯದಲ್ಲಿ ಒಂದು ವರ್ಷದ ಸ್ನಾತಕೋತ್ತರ, ಶುಲ್ಕ ಮತ್ತು ಖರ್ಚು ಸೇರಿ ಸುಮಾರು 28 ಲಕ್ಷ ರೂಪಾಯಿ. 'ಪ್ರವೇಶ ಗ್ಯಾರಂಟಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

"ಭಾಯ್‌ಸಾಬ್, ಮನೆ ಮಾರಿದರೆ ಹದಿನೆಂಟು ಬರುತ್ತದೆ. ಉಳಿದದ್ದಕ್ಕೆ ಅವಳ ಒಡವೆ ಇದೆ. ತಪ್ಪೇನು ಹೇಳಿ?" ಎಂದರು ಅವರು.

"ಹುಡುಗ ಬೇರೆಲ್ಲಿಗೂ ಅರ್ಜಿ ಹಾಕಲಿಲ್ಲವೇ ಚಾಚಾ?"

"ಬೇರೆ ಕಡೆ ಸಿಗುವುದಿಲ್ಲ ಅಂತ ಏಜೆಂಟ್ ಹೇಳಿದ."

ಏಜೆಂಟ್ ಹಾಗೆ ಯಾಕೆ ಹೇಳಿದ ಎಂಬುದನ್ನು ಪ್ರತಿಯೊಬ್ಬ ತಂದೆಯೂ ತಿಳಿದುಕೊಳ್ಳಬೇಕು. ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳ ಅನೇಕ ವಿಶ್ವವಿದ್ಯಾನಿಲಯಗಳು ತಮಗೆ ವಿದ್ಯಾರ್ಥಿಯನ್ನು ತಂದುಕೊಟ್ಟ ಏಜೆಂಟನಿಗೆ ಶುಲ್ಕದ ಒಂದು ಪಾಲನ್ನು ಕಮಿಷನ್ನಾಗಿ ಕೊಡುತ್ತವೆ. ಹೀಗಾಗಿ 'ನಮ್ಮ ಸೇವೆ ಉಚಿತ' ಎಂಬ ಫಲಕ ಸುಳ್ಳಲ್ಲ. ನಿಮ್ಮ ಮಗ ಕಟ್ಟುವ ಶುಲ್ಕದಿಂದಲೇ ಅವನ ಸಂಬಳ ಹೊರಡುತ್ತದೆ. ಶುಲ್ಕ ಹೆಚ್ಚಿದಷ್ಟೂ ಅವನ ಪಾಲು ಹೆಚ್ಚು. ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಇಲ್ಲದ ಶುಲ್ಕದಲ್ಲಿ ಕಮಿಷನ್ ಎಲ್ಲಿಂದ ಬರಬೇಕು? ಆದ್ದರಿಂದ ಅಲ್ಲಿ 'ಸಿಗುವುದಿಲ್ಲ'. ಅಲ್ಲಿಯೂ ಎಲ್ಲವೂ ಪುಕ್ಕಟೆಯೆಂದು ನಾವು ಹೇಳುವುದಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಂದ 2017ರಿಂದ ಪ್ರತಿ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾನಿಲಯವೂ 2024ರಿಂದ ಹೊಸ ವಿದೇಶಿ ವಿದ್ಯಾರ್ಥಿಗಳಿಗೆ ಶುಲ್ಕ ಹಾಕಿದೆ. ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವಾಗಿ 2024ರ ಸೆಪ್ಟೆಂಬರಿನಿಂದ 11,904 ಯೂರೋವನ್ನು ಮುಟ್ಟಲಾಗದ ಖಾತೆಯಲ್ಲಿ ಇಟ್ಟು ತೋರಿಸಬೇಕು. ಆದರೆ ಆ ಹಣ ಯಾರಿಗೋ ಕಟ್ಟುವ ಶುಲ್ಕವಲ್ಲ, ತಿಂಗಳು ತಿಂಗಳು ವಿದ್ಯಾರ್ಥಿಯ ಕೈಗೇ ಮರಳುವ ಊಟ ವಸತಿಯ ಖರ್ಚು. ಚಾಚಾ ಮನೆ ಮಾರದೆಯೇ ಆಗಬಹುದಾದ ಕೆಲಸ.

ಇನ್ನೊಂದು ವಿಷಯವನ್ನು ಏಜೆಂಟರು ಮಾತ್ರವಲ್ಲ, ನಮ್ಮ ಕಾಲೇಜುಗಳ ಅಧ್ಯಾಪಕರೂ ಹೇಳಿಕೊಡುವುದಿಲ್ಲ. ಪ್ರವೇಶ ಮತ್ತು ಹಣಕಾಸಿನ ನೆರವು ಎರಡು ಬೇರೆ ಬೇರೆ ಕಿಟಕಿಗಳೆಂದು ನಮ್ಮವರು ಭಾವಿಸಿದ್ದಾರೆ: ಮೊದಲು ಸೀಟು ಸಿಗಲಿ, ಹಣದ ಮಾತು ಆಮೇಲೆ. ಅಮೆರಿಕದ ಪದವಿ ಕಾಲೇಜುಗಳಲ್ಲಿ ವಾಸ್ತವ ಹಾಗಿಲ್ಲ. ಅಲ್ಲಿ ಬಹುತೇಕ ಸಂಸ್ಥೆಗಳು ವಿದೇಶಿ ವಿದ್ಯಾರ್ಥಿ ನೆರವು ಕೇಳಿದನೇ ಎಂಬುದನ್ನು ನೋಡಿಯೇ ಅವನ ಅರ್ಜಿಯನ್ನು ತೂಗುತ್ತವೆ. ಸಮಾನ ಅಂಕದ ಇಬ್ಬರಲ್ಲಿ ಹಣ ಕಟ್ಟಬಲ್ಲವನು ಒಳಗೆ, ನೆರವು ಕೇಳಿದವನು ಹೊರಗೆ. ನಂತರ ಕೇಳೋಣವೆಂದು ಅರ್ಜಿಯಲ್ಲಿ ಬಡತನವನ್ನು ಮುಚ್ಚಿಟ್ಟವನಿಗೆ ಆಮೇಲೆ ನೆರವಿನ ಬಾಗಿಲು ತೆರೆಯುವುದು ಅಪರೂಪ. ವಿದೇಶಿ ವಿದ್ಯಾರ್ಥಿಯ ಬಡತನವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪ್ರವೇಶ ನಿರ್ಧರಿಸಿ, ಬಳಿಕ ಅಗತ್ಯವಿದ್ದಷ್ಟನ್ನೂ ತುಂಬಿಕೊಡುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್ಹರ್ಸ್ಟ್ ಇವು ಹಳೆಯವು. 2022ರಲ್ಲಿ ಡಾರ್ಟ್‌ಮತ್ ಮತ್ತು ಬೌಡನ್ ಸೇರಿದವು. ಹಾರ್ವರ್ಡಿನಲ್ಲಿ 2025-26ರಿಂದ ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ಆದಾಯದ ಕುಟುಂಬದಿಂದ ಏನನ್ನೂ ಅಪೇಕ್ಷಿಸುವುದಿಲ್ಲವೆಂಬ ನೀತಿ ಬಂದಿದೆ. ಆ ಲೆಕ್ಕದಲ್ಲಿ ಮಂಡಿ ಮೊಹಲ್ಲಾದ ಇಡೀ ಬೀದಿಯೇ ಅರ್ಹ! ಆದರೆ ಅಲ್ಲಿ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಐವರಿಗೂ ಸ್ಥಾನ ಸಿಗುವುದಿಲ್ಲ. ಮೇಲಾಗಿ 2025ರಲ್ಲಿ ಅಮೆರಿಕದ ಸರಕಾರವೇ ಹಾರ್ವರ್ಡಿನ ವಿದೇಶಿ ವಿದ್ಯಾರ್ಥಿಗಳ ಮೇಲೆ ಮುಗಿಬಿದ್ದು ನ್ಯಾಯಾಲಯ ತಡೆಯಬೇಕಾಯಿತು. ಆ ಮೇ ತಿಂಗಳ ಕೊನೆಯಲ್ಲಿ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳನ್ನು ನಿಲ್ಲಿಸಿ, ಜೂನ್‌ನಲ್ಲಿ ಸಾಮಾಜಿಕ ಜಾಲತಾಣಗಳ ತಪಾಸಣೆಯೊಂದಿಗೆ ಮತ್ತೆ ಆರಂಭಿಸಿದರು. ಗಾಝಾದ ಬಗ್ಗೆ ಒಂದು ಮಾತು ಬರೆದ ಹುಡುಗನೂ ಈಗ ಹೆದರಿ ನೋಡುವಂತಾಗಿದೆ. ಆದುದರಿಂದ ಅಮೆರಿಕದ ಪದವಿಯೇ ಗುರಿಯೆಂದು ಪಿಯುಸಿಯ ಮಕ್ಕಳ ತಲೆಯಲ್ಲಿ ತುಂಬುವುದನ್ನು ನಾವು ಒಪ್ಪುವುದಿಲ್ಲ.

ಬಡವನ ನಿಜವಾದ ಬಾಗಿಲು ಪದವಿಯ ನಂತರ ತೆರೆಯುತ್ತದೆ. ವಿಜ್ಞಾನ ವಿಷಯಗಳಲ್ಲಿ ಅಮೆರಿಕದ ಪಿಎಚ್.ಡಿ. ಸ್ಥಾನಗಳು ಸಾಮಾನ್ಯವಾಗಿ ಶುಲ್ಕ ವಿನಾಯಿತಿ ಮತ್ತು ಜೀವನ ಭತ್ಯೆಯೊಂದಿಗೇ ಬರುತ್ತವೆ, ಪ್ರತಿಯಾಗಿ ವಿದ್ಯಾರ್ಥಿ ಬೋಧನೆಯಲ್ಲಿ ಅಥವಾ ಪ್ರಯೋಗಾಲಯದಲ್ಲಿ ದುಡಿಯುತ್ತಾನೆ. ಯುರೋಪಿನ ಎರಾಸ್ಮಸ್ ಮುಂಡಸ್ ಸ್ನಾತಕೋತ್ತರ ವಿದ್ಯಾರ್ಥಿವೇತನವು ತಿಂಗಳಿಗೆ 1,400 ಯೂರೋ ಕೊಡುತ್ತದೆ, ಅದನ್ನು ಪಡೆಯುವ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿದೆ. ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಬೇರೆಯೇ ಇದೆ. ತುರ್ಕಿಯ ಸರಕಾರಿ ವಿದ್ಯಾರ್ಥಿವೇತನ ಶುಲ್ಕ, ವಸತಿ, ವಿಮಾನದ ಟಿಕೆಟ್ ಎಲ್ಲವನ್ನೂ ಒಳಗೊಂಡಿರುತ್ತದೆ. ಇನ್ನು ಸೌದಿ ಅರೇಬಿಯಾ! 1961ರಲ್ಲಿ ಸ್ಥಾಪನೆಯಾದ ಮದೀನಾ ಇಸ್ಲಾಮೀ ವಿಶ್ವವಿದ್ಯಾನಿಲಯವನ್ನು ನಮ್ಮ ಮದ್ರಸಗಳ ಮಕ್ಕಳು ಬಲ್ಲರು. ಆದರೆ ವರ್ಷಕ್ಕೊಮ್ಮೆ ಉಮ್ರಾಕ್ಕೆಂದು ಜಿದ್ದಾದಲ್ಲಿ ಇಳಿಯುವ ಮೈಸೂರಿನ ಎಷ್ಟು ಶ್ರೀಮಂತರಿಗೆ, ಆ ವಿಮಾನ ನಿಲ್ದಾಣದ ಉತ್ತರಕ್ಕೆ ಕೆಂಪು ಸಮುದ್ರದ ದಂಡೆಯ ತೂವಲ್‌ನಲ್ಲಿ 2009ರಿಂದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯವಿದೆಯೆಂದೂ, ಅಲ್ಲಿ ಸ್ನಾತಕೋತ್ತರ ಹಾಗೂ ಪಿಎಚ್.ಡಿ. ಪ್ರವೇಶ ಪಡೆದವರಿಗೆ ಪೂರ್ಣ ಫೆಲೋಶಿಪ್ ದೊರೆಯುತ್ತದೆಯೆಂದೂ ಗೊತ್ತು? ಐದನೆಯ ಉಮ್ರಾದಿಂದ ಮರಳುವಾಗ ಖರ್ಜೂರದ ಪೆಟ್ಟಿಗೆಯೊಂದಿಗೆ ಈ ಒಂದು ಸುದ್ದಿಯನ್ನೂ ತಂದಿದ್ದರೆ ಅದಕ್ಕೆ ಹೆಚ್ಚುವರಿ ಲಗೇಜಿನ ಶುಲ್ಕ ತಗಲುತ್ತಿರಲಿಲ್ಲ.

ಇವೆಲ್ಲವೂ ಸ್ಪರ್ಧೆಯ ಬಾಗಿಲುಗಳು. ಅಂಕ ಬೇಕು, ಇಂಗ್ಲಿಷ್ ಬೇಕು, ತನ್ನ ಬಗ್ಗೆ ತಾನು ಎರಡು ಪುಟ ಸತ್ಯವಾಗಿ ಬರೆಯಲು ಬರಬೇಕು, ಪರಿಚಯಪತ್ರ ಬರೆದುಕೊಡುವ ಅಧ್ಯಾಪಕರು ಬೇಕು. ಇವನ್ನು ಎರಡು ವರ್ಷ ಮೊದಲೇ ಸಿದ್ಧಪಡಿಸಬೇಕು. ನಮ್ಮವರಾದರೋ ಫಲಿತಾಂಶ ಬಂದ ವಾರ ಅಶೋಕ ರಸ್ತೆಯಲ್ಲಿ ಕನ್ಸಲ್ಟೆನ್ಸಿ ಹುಡುಕುತ್ತಾರೆ. ತಡವಾಗಿ ಬಂದವನಿಗೆ ಉಳಿಯುವುದು ಹಣದ ಬಾಗಿಲು ಮಾತ್ರ. ವೈದ್ಯಕೀಯದ ಮೋಹವಂತೂ ಇನ್ನೂ ಕ್ರೂರ. ನೀಟ್‌ನಲ್ಲಿ ಸರಕಾರಿ ಸೀಟು ಬಾರದ ಮಕ್ಕಳನ್ನು ಮಧ್ಯ ಏಷ್ಯಾಕ್ಕೂ ಹಿಂದೆ ಉಕ್ರೇನಿಗೂ ಸಾಗಿಸಿದರು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಪಿಯುಸಿಯಲ್ಲಿ ಶೇಕಡಾ 97 ಅಂಕ ಪಡೆದಿದ್ದ. ಇಂತಹ ಹುಡುಗನಿಗೆ ಈ ರಾಜ್ಯದಲ್ಲಿ ಕೈಗೆಟಕುವ ಸೀಟಿರಲಿಲ್ಲ ಎಂಬುದು ನಾಡಿಗೆ ಅವಮಾನ. ಓದಿ ಮರಳಿದವರಿಗೂ ಪರೀಕ್ಷೆಯಿದೆ. ವಿದೇಶಿ ವೈದ್ಯ ಪದವೀಧರರ ಅರ್ಹತಾ ಪರೀಕ್ಷೆಯಲ್ಲಿ ಇತ್ತೀಚಿನ ಅನೇಕ ಬಾರಿ ಐವರಲ್ಲಿ ಒಬ್ಬರಷ್ಟೇ ತೇರ್ಗಡೆಯಾಗಿದ್ದಾರೆ. ಈ ಅನುಪಾತವನ್ನು ಏಜೆಂಟನ ಬಣ್ಣದ ಕಾಗದದಲ್ಲಿ ಯಾರಾದರೂ ಕಂಡಿದ್ದೀರಾ?

ಈಗ ನಮ್ಮ ಧರ್ಮನಿಷ್ಠೆಯ ಪ್ರಶ್ನೆ. ವಿದೇಶಿ ವೀಸಾಕ್ಕೆ ಬ್ಯಾಂಕಿನಲ್ಲಿ ಹಣ ತೋರಿಸಬೇಕು. ಬ್ರಿಟನ್ನಿಗೆ ಸತತ 28 ದಿನ ಆ ಹಣ ಖಾತೆಯಲ್ಲಿರಬೇಕು. ಇಲ್ಲದ ಹಣವನ್ನು 28 ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡುವ ದಂಧೆ ನಮ್ಮ ಊರುಗಳಲ್ಲೂ ಬೇರು ಬಿಟ್ಟಿದೆ. ಅದು ಸುಳ್ಳು ಸಾಕ್ಷ್ಯ, ಮೇಲೆ ಬಡ್ಡಿ. ಬಿಸ್ಮಿಲ್ಲಾ ಹೇಳಿ ಆರಂಭಿಸುವ ಮಗನ ವಿದ್ಯಾಭ್ಯಾಸವನ್ನು ನಾವು ಸುಳ್ಳಿನ ಪತ್ರದ ಮೇಲೆ ನಿಲ್ಲಿಸುತ್ತೇವೆ. 2023ರಲ್ಲಿ ಕೆನಡಾದಲ್ಲಿ ನಕಲಿ ಪ್ರವೇಶಪತ್ರಗಳಿಂದಾಗಿ ಗಡೀಪಾರಿನ ಭೀತಿ ಎದುರಿಸಿದ ಪಂಜಾಬಿನ ನೂರಾರು ಮಕ್ಕಳ ಕಥೆ ನಮ್ಮ ಕಣ್ಣ ಮುಂದಿದೆ. ಆ ಪತ್ರಗಳನ್ನೂ ಏಜೆಂಟನೇ ತಯಾರಿಸಿದ್ದ.

ಬಡ್ಡಿಯ ಕಾರಣಕ್ಕೆ ಶಿಕ್ಷಣ ಸಾಲವನ್ನು ನಿರಾಕರಿಸುವ ಕುಟುಂಬಗಳನ್ನು ನಾವು ಗೌರವಿಸುತ್ತೇವೆ. ಬಡ್ಡಿ ನಿಷಿದ್ಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಯಾಂಕಿನ ಸಾಲ ಹರಾಮೆಂದು ಫತ್ವಾ ಕೊಡುವ ನಾಲಗೆಗೆ, ಹಾಗಾದರೆ ಈ ಹುಡುಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆಯೂ ಇದೆ. ಅದೇ ಕುಟುಂಬ ಮಗಳ ಮದುವೆಗೆ ಚಿನ್ನ ಗಿರವಿ ಇಟ್ಟು ಬಡ್ಡಿ ಕಟ್ಟುವಾಗ ಯಾರೂ ತಡೆಯುವುದಿಲ್ಲ. ಊಟಕ್ಕೆ ಬಂದು ಬಿರಿಯಾನಿಯ ರುಚಿ ಹೊಗಳಿ ಹೋಗುತ್ತಾರೆ. ಒಂದು ಸಾಧಾರಣ ಶಾದಿಮಹಲ್ ಮದುವೆಯ ಒಂದು ಹೊತ್ತಿನ ಖರ್ಚಿನಲ್ಲಿ ಹತ್ತು ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ ಮತ್ತು ಅರ್ಜಿ ಶುಲ್ಕ ಕಟ್ಟಬಹುದು. ಐಇಎಲ್‌ಟಿಎಸ್‌ಗೆ ಸುಮಾರು 18 ಸಾವಿರ, ಜಿಆರ್‌ಇಗೆ ಅದಕ್ಕಿಂತಲೂ ಹೆಚ್ಚು, ಪ್ರತಿ ಅಮೆರಿಕನ್ ವಿಶ್ವವಿದ್ಯಾನಿಲಯದ ಅರ್ಜಿಗೆ 75ರಿಂದ 100 ಡಾಲರ್. ಪ್ರವೇಶ ಸಿಗುವ ಮೊದಲೇ ಲಕ್ಷ ರೂಪಾಯಿಯ ಹತ್ತಿರ. ನಮ್ಮ ಅನೇಕ ಪ್ರತಿಭಾವಂತರು ಸೋಲುವುದು ಹಾರ್ವರ್ಡಿನ ಬಾಗಿಲಿನಲ್ಲಲ್ಲ, ಈ ಮೊದಲ ಲಕ್ಷದ ಹೊಸ್ತಿಲಿನಲ್ಲಿ.

ಪರ್ಯಾಯ ಹೊಸದೇನಲ್ಲ. ಇಸ್ಲಾಮೀ ಅಭಿವೃದ್ಧಿ ಬ್ಯಾಂಕ್ 1983ರಲ್ಲಿ ಸದಸ್ಯೇತರ ದೇಶಗಳ ಮುಸ್ಲಿಮ್ ಸಮುದಾಯಗಳಿಗಾಗಿ ಆರಂಭಿಸಿದ ವಿದ್ಯಾರ್ಥಿವೇತನದಲ್ಲಿ ಹಣವು ಸಮುದಾಯಕ್ಕೆ ದಾನ, ವಿದ್ಯಾರ್ಥಿಗೆ ಮಾತ್ರ ಬಡ್ಡಿಯಿಲ್ಲದ ಸಾಲ. ಕೆಲಸ ಸಿಕ್ಕ ಮೇಲೆ ಆತ ಮರಳಿಸಿದ ಹಣ ಅದೇ ಸಮುದಾಯದ ಮುಂದಿನ ವಿದ್ಯಾರ್ಥಿಗೆ. ಇದೇ ಕರ್ಝೆ ಹಸನ್. ಮೈಸೂರಿನ ಪ್ರತಿಯೊಂದು ಜಮಾಅತ್ ಇಂತಹ ನಿಧಿಯೊಂದನ್ನು ಕಟ್ಟಲಾರದಷ್ಟು ಬಡವಾಗಿಲ್ಲ. ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೆಯ ಸೂಕ್ತ ಝಕಾತಿನ ಎಂಟು ಬಾಬತ್ತುಗಳನ್ನು ಹೇಳುತ್ತದೆ. ಬಡವರು, ಸಾಲದಲ್ಲಿ ಮುಳುಗಿದವರು ಅದರಲ್ಲಿದ್ದಾರೆ, ಕೊನೆಯಲ್ಲಿ ದಾರಿಹೋಕ ಪ್ರಯಾಣಿಕನೂ ಇದ್ದಾನೆ. ಮನೆಯಿಂದ ಹಣ ನಿಂತುಹೋಗಿ ಮಾನಸಗಂಗೋತ್ರಿಯ ಬಳಿ ಬಾಡಿಗೆ ಕೋಣೆಯಲ್ಲಿ ಕುಳಿತ ಅಫ್ಘಾನ್ ವಿದ್ಯಾರ್ಥಿಗಿಂತ ಸ್ಪಷ್ಟವಾದ ದಾರಿಹೋಕನನ್ನು ನಾವು ಎಲ್ಲಿ ಹುಡುಕೋಣ? ಅವನಿಂದ ಊರವರಿಗಿಂತ ಹೆಚ್ಚು ಬಾಡಿಗೆ, ಹೆಚ್ಚು ಮುಂಗಡ ಪಡೆಯುವ ಮುಸ್ಲಿಮ್ ಮನೆ ಮಾಲಕರು ನಮ್ಮಲ್ಲಿದ್ದಾರೆ. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ. ಪರದೇಶದಲ್ಲಿ ನಮ್ಮ ಮಗನಿಗೆ ಯಾರಾದರೂ ಹೀಗೆ ಮಾಡಿದರೆ ನಾವು ಏನೆನ್ನುತ್ತೇವೆ?

ಹೆಣ್ಣುಮಕ್ಕಳ ವಿಷಯವನ್ನು ಬಿಟ್ಟು ಮುಂದೆ ಹೋಗಲಾಗದು. ನಮ್ಮ ಕಾಲೇಜುಗಳಲ್ಲಿ ಮೊದಲ ಸಾಲಿನ ಅಂಕಗಳು ಈಗ ಹುಡುಗಿಯರದು. ಆದರೂ ಮನೆ ಮಾರುವುದು ಶೇಕಡಾ 50ರ ಅಣ್ಣನಿಗಾಗಿ. ಶೇಕಡಾ 90ರ ತಂಗಿಗೆ ವರ ನೋಡುತ್ತಾರೆ. ದೂರ ಪ್ರಯಾಣ, ಮಹ್ರಮ್, ಸುರಕ್ಷತೆಗಳ ಪ್ರಶ್ನೆ ಎತ್ತುವವರ ಕಾಳಜಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಉಲಮಾಗಳು ಆ ಬಗ್ಗೆ ಮಾರ್ಗದರ್ಶನ ನೀಡಲಿ. ಆದರೆ ಅದೇ ಕಾಳಜಿ ಮದುವೆಯಾದ ಮರುತಿಂಗಳೇ ಅವಳನ್ನು ದುಬೈಗೆ ಕಳಿಸುವಾಗ ಎಲ್ಲಿ ಅಡಗಿರುತ್ತದೆ? ಪತಿಯೊಂದಿಗೆ ಹೋದವಳಿಗೂ ಅಲ್ಲಿ ವಿಶ್ವವಿದ್ಯಾನಿಲಯವಿದೆಯಲ್ಲವೇ? ನಿಕಾಹ್‌ನ ಮಾತುಕತೆಯಲ್ಲಿ ಒಡವೆಯ ತೂಕ ಕೇಳುವ ಹಿರಿಯರು ಓದಿನ ಮುಂದುವರಿಕೆಯ ಷರತ್ತನ್ನೂ ಬರೆಸಲಿ. ಶರೀಅತ್ ಅದಕ್ಕೆ ಅಡ್ಡಿಯಲ್ಲ.

ನಮ್ಮ ಸಲಹೆ ಚಿಕ್ಕದು. ಪ್ರತಿ ಮೊಹಲ್ಲಾದ ಮಸೀದಿಯ ಒಂದು ಕೋಣೆಯಲ್ಲಿ ಭಾನುವಾರ ಅಸರ್ ನಂತರ ಎರಡು ಗಂಟೆ ಕುಳಿತುಕೊಳ್ಳಲು ಇಬ್ಬರು ಪದವೀಧರರು, ಒಂದು ಕಂಪ್ಯೂಟರ್, ಗೋಡೆಗೆ ಒಂದು ದಿನಾಂಕ ಪಟ್ಟಿ. ಜನವರಿ-ಫೆಬ್ರವರಿಯಲ್ಲಿ ತುರ್ಕಿಯ ಅರ್ಜಿ, ಜರ್ಮನಿಯ ಚಳಿಗಾಲದ ಸೆಮಿಸ್ಟರಿಗೆ ಅನೇಕ ಕಡೆ ಜುಲೈ 15, ಅಮೆರಿಕದ ಪಿಎಚ್.ಡಿ.ಗೆ ಬಹುತೇಕ ಡಿಸೆಂಬರ್. ಆ ಕೋಣೆಗೆ ಮಾನಸಗಂಗೋತ್ರಿಯ ಯಮನಿ, ಇರಾನಿ, ಅಫ್ಘಾನ್ ವಿದ್ಯಾರ್ಥಿಗಳನ್ನೂ ಕರೆಯಿರಿ. ಪರದೇಶದಲ್ಲಿ ಅರ್ಜಿ ಹಾಕಿ, ನೆರವು ಗಳಿಸಿ, ವೀಸಾದ ಸಾಲಿನಲ್ಲಿ ನಿಂತು ಬಂದ ಅನುಭವ ಈ ಊರಿನಲ್ಲಿ ಅವರಷ್ಟು ಬೇರಾರಿಗೂ ಇಲ್ಲ. ಕಮಿಷನ್ ಕೇಳದೆ ಹೇಳಿಕೊಡುತ್ತಾರೆ.

ಮಂಡಿ ಮೊಹಲ್ಲಾದ ಆ ಚಾಚಾ ಮನೆ ಮಾರಲಿಲ್ಲ. ಹುಡುಗ ಈಗ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ, ಬರುವ ಡಿಸೆಂಬರಿಗೆ ಆರು ಕಡೆ ಪಿಎಚ್.ಡಿ.ಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದಾನೆ. ಜಿಆರ್‌ಇ ಶುಲ್ಕವನ್ನು ಅದೇ ಬೀದಿಯ ಮೂವರು ಸೇರಿ ಕಟ್ಟಿದ್ದಾರೆ. ಎರಡು ವಿಶ್ವವಿದ್ಯಾನಿಲಯಗಳು ಕೇಳಿದ ಕೂಡಲೇ ಅರ್ಜಿ ಶುಲ್ಕ ಮನ್ನಾ ಮಾಡಿವೆ. ಉಳಿದ ನಾಲ್ಕರ ಶುಲ್ಕ ಇನ್ನೂ ಬಾಕಿಯಿದೆ.